ಮೊದಲು ತಾವು ಉಂಡು ನೋಡಿದವರು

ಅಂಗಿಯ ಕಿಸೆಯಲ್ಲಿ ಎರಡು ಪೆನ್‌ಡ್ರೈವ್, ಎರಡಕ್ಕೂ ಕೆಂಪು ದಾರ. ಹಿರೇಕೆರೂರಿನ ಕಂಪ್ಯೂಟರ್ ಮಾಸ್ತರು ನಮ್ಮ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುವಾಗ ಆ ದಾರ ಹೊರಗೆ ಇಣುಕುತ್ತಿತ್ತು. ಮೊನ್ನೆ ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕುಂತಿದ್ದಾಗ ಅವರ ಹೆಂಡತಿಯ ಫೋನು ಬಂತು. "ಅಕ್ಕಾರ, ನಮ್ಮವರು ಮುಂಜಾನೆ ಹೋಗಿಬಿಟ್ರು" ಅಂದರು. ಹೇಳಲು ನಾಚಿಕೆಯಾಗುತ್ತದೆ, ದುಃಖಕ್ಕಿಂತ ಮೊದಲು ಬಂದದ್ದು ಅಂಜಿಕೆ. ಇನ್ನು ನಮ್ಮ ಮನೆಯ ಮಾತು ಕಾಯುವವರು ಯಾರು?

ನಮ್ಮ ಯಜಮಾನರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ. ಜೀವ ಉಳಿಯಿತು, ಅದೊಂದು ದೇವರ ದಯೆ. ಅವರು ಟೈಪು ಮಾಡಿದ್ದನ್ನು ಕಂಪ್ಯೂಟರ್ ಓದಿ ಹೇಳುತ್ತದೆ, ಅದು ಇನ್ನೊಂದು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿ, ಮಾತಾಡುವ ಆ ಸಾಫ್ಟ್‌ವೇರ್ ಕೂಡಿಸಿಕೊಟ್ಟವರು ಮಾಸ್ತರು.

ಮೊದಲ ವರ್ಷ ಹೊಸ ಅಪ್‌ಡೇಟ್ ಹಾಕಿದಾಗ ದನಿ ನಿಂತುಹೋಯಿತು. ನಾಲ್ಕು ದಿನ ಯಜಮಾನರು ಗೋಡೆಗೆ ಮುಖ ಮಾಡಿ ಮಲಗಿದರು, ಊಟಕ್ಕೆ ಕರೆದರೂ ತಿರುಗಲಿಲ್ಲ. ಆಮೇಲೆ ಮಾಸ್ತರು ಒಂದು ನೇಮ ಹಿಡಿದರು. ಲಿನಕ್ಸ್‌ನವರು ಎಲ್ಲ ಸಾಫ್ಟ್‌ವೇರ್ ಕೂಡಿಡುವ ಭಂಡಾರದಿಂದ ಬಂದ ಅಪ್‌ಡೇಟನ್ನು ತಮ್ಮ ಅಂಗಡಿಯಲ್ಲಿ ಎಂಟು ದಿನ ನಡೆಸಿ ನೋಡಿಯೇ, ಪೆನ್‌ಡ್ರೈವಿಗೆ ತುಂಬಿಕೊಂಡು ನಮ್ಮ ರಟ್ಟೀಹಳ್ಳಿ ಬಸ್ಸು ಹತ್ತುತ್ತಿದ್ದರು.

"ನಾ ಮೊದಲ ಉಂಡು ನೋಡಿ, ಆಮ್ಯಾಲ ನಿಮಗ ಬಡಸ್ತೇನ್ರಿ."

"ನಮ್ಮ ಮನ್ಯಾಗ ದೇವರ ಎಡಿಗಿಂತ ಮೊದಲ ಯಾರೂ ನಾಲಿಗಿಗೆ ಹಚ್ಚಂಗಿಲ್ರಿ ಮಾಸ್ತರ" ಅಂದೆ. ನಾನು ಉಪ್ಪು ಹಾಕುವುದು ಕೈ ಅಂದಾಜಿನಿಂದ, ರುಚಿ ನೋಡಿ ಅಲ್ಲ.

"ಇದು ಮನಷ್ಯಾರು ಮಾಡಿದ್ರಿ ಅಕ್ಕಾರ. ಉಪ್ಪು ಹೆಚ್ಚಾಗಿರತೈತಿ."

ಹೋದ ತಿಂಗಳು ಬಂದಾಗ ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ಕುಂತರು. ಸಾಫ್ಟ್‌ವೇರ್ ಮಾಡಿದವರು ಇನ್ನು ಭಂಡಾರಕ್ಕೆ ಏನನ್ನೂ ಕೊಡುವುದಿಲ್ಲವಂತೆ, ಅಪ್‌ಡೇಟ್ ತಾನೇ ಬಂದು ಕೂಡುವ ಏರ್ಪಾಟನ್ನು ಸಾಫ್ಟ್‌ವೇರ್ ಒಳಗೇ ಮಾಡಿದ್ದಾರಂತೆ. ಮಾಸ್ತರು ಹಳೆಯದನ್ನು ಬದಿಗಿಟ್ಟು ಹೊಸದನ್ನು ಹಾಕಿದರು.

"ಇನ್ನ ಸಂತಿಗೆ ಹೋಗಿ ಆರಿಸಿ ತರೂ ಕೆಲಸಿಲ್ರಿ. ಮಾಡಿದವರ ತಂದು ಮನಿಯೊಳಗ ಇಟ್ಟು ಹೋಗ್ತಾರ."

"ಬಾಗಲಾ ಬಡೀಲಾರದ ಬರ್ತಾರೇನು?"

"ಹೂಂ. ನನಗೂ ಅದು ಸೇರಂಗಿಲ್ಲ."

"ಮತ್ತ ಉಪ್ಪು ನೋಡೋರು ಯಾರ್ರಿ?"

ಮಾಸ್ತರು ಪರದೆಯ ಮೂಲೆಯಲ್ಲಿ 'ಹಳೇದು' ಅಂತ ಒಂದು ಗುರುತು ಮಾಡಿಟ್ಟರು. "ಹೊಸಾದು ದನಿ ನುಂಗಿತಂದ್ರ ಇದನ್ನ ಎರಡು ಸಲ ಒತ್ರಿ. ಹಿಂದಿಂದು ಮಾತಾಡತೈತಿ." ಮೂರು ಸಲ ನನ್ನ ಕೈಯಿಂದಲೇ ಒತ್ತಿಸಿದರು. "ಇನ್ನ ನಾ ಬರೂದು ಬೇಕಾಗಂಗಿಲ್ರಿ ಅಕ್ಕಾರ."

"ಯಾಕ್ರಿ, ನಮ್ಮ ಮನಿ ಚಹಾ ಬ್ಯಾಸರಾತೇನು?" ಅಂದೆ. ತಿಳಿಯಲಿಲ್ಲ ನನಗೆ.

ಅಂದಿನಿಂದ ಪರದೆಯ ಮೇಲೆ ಅಪ್‌ಡೇಟಿನ ಪಟ್ಟಿ ಓಡಿದಾಗಲೆಲ್ಲ ನಮ್ಮೂರ ದೇವರು ಕದಂಬೇಶ್ವರನನ್ನು ನೆನೆಯುತ್ತ ಅದು ಮುಗಿಯುವ ತನಕ ನಿಂತೇ ಇರುತ್ತಿದ್ದೆ. ಯಾರು ಬಂದರು, ಏನು ಇಟ್ಟು ಹೋದರು, ಯಾರನ್ನು ಕೇಳಲಿ?

ಮೊನ್ನೆ ಫೋನಿಟ್ಟು ಯಜಮಾನರಿಗೆ ಸುದ್ದಿ ಹೇಳಿದೆ. ಅವರು ಟೈಪು ಮಾಡಿದರು. ದನಿ ಬರಲಿಲ್ಲ. ಬೆಳಿಗ್ಗೆಯೇ ಹೊಸ ಅಪ್‌ಡೇಟ್ ಬಂದು ಕುಂತಿತ್ತು. ಮತ್ತೆ ಒತ್ತಿದರು. ಇಲ್ಲ. ಅವರ ಕಣ್ಣು ಗೋಡೆಯ ಕಡೆ ಹೊರಳಿತು. ಜೋಳದ ದೂಳಿನ ಕೈಯಲ್ಲೇ ಮೌಸ್ ಹಿಡಿದು 'ಹಳೇದು' ಹುಡುಕಿದೆ. ಒಮ್ಮೆ ತಪ್ಪಿತು. ಮತ್ತೆ ಎರಡು ಸಲ ಒತ್ತಿದೆ. ಯಜಮಾನರು ಮೆಲ್ಲಗೆ ಮತ್ತೊಮ್ಮೆ ಟೈಪು ಮಾಡಿದರು.

"ಅವರ ಮನ್ಯಾಗ ಇವತ್ತ ಒಲಿ ಹಚ್ಚಂಗಿಲ್ಲ" ಎಂದಿತು ಕಂಪ್ಯೂಟರ್. "ಬುತ್ತಿ ಕಟ್ಟು. ಹೋಗೂಣು."

ಮೊರ ಬದಿಗಿಟ್ಟು, ಡಬ್ಬಿಯಲ್ಲಿದ್ದ ಹಿಟ್ಟು ನಾದಿ ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ ಇಳಿಸಿದೆ. ಒಂದು ಚೂರು ಅಂಗೈಗೆ ಹಾಕಿಕೊಂಡು, ಈ ಮನೆಗೆ ಬಂದ ಮೇಲೆ ಮೊದಲ ಸಲ, ಉಪ್ಪು ನೋಡಿದೆ. ಆಮೇಲೆ ಬುತ್ತಿ ಕಟ್ಟಿದೆ.