ವಾರ್ಡಿನ ಕರೆಗೆ ವಾರ್ಡಿನದೇ ನಂಬರ್

ಬೆಳಗಿನ ಪಾಳಿಯ ನರ್ಸುಗಳು ಇನ್ನೂ ಬಂದಿಲ್ಲ. ಒರೆಸಿದ ನೆಲ ಪೂರ್ತಿ ಆರಿಲ್ಲ. ಮೂರನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ ಒಬ್ಬರು ಮೇಜಿನ ಫೋನೆತ್ತಿ, ರೋಗಿಗಳಿಗೆ ಎಚ್ಚರವಾಗದಂತೆ ಒಂದೊಂದೇ ಗುಂಡಿ ಒತ್ತುತ್ತಾರೆ. ಅವರ ಎಡಗೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಮೊಬೈಲೊಂದು ನಡುಗುತ್ತದೆ. ಅವರು ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ಹಿಡಿದು, ಅಂಕಿಗಳನ್ನು ಬಾಯೊಳಗೇ ಓದಿಕೊಂಡು, ಫೋನಿಟ್ಟು ಮುಂದಿನ ಮೇಜಿಗೆ ಹೋಗುತ್ತಾರೆ.

ಇವರನ್ನು ಎಲ್ಲರೂ ಲೈನಕ್ಕ ಅನ್ನುತ್ತಾರೆ. ಊರಿನ ಐದು ಕಡೆ ಶಾಖೆಗಳಿರುವ ಈ ಆಸ್ಪತ್ರೆಯ ಅಷ್ಟೂ ಮೇಜಿನ ಫೋನುಗಳು ಇವರ ಜವಾಬ್ದಾರಿ. ಫೋನು ಸರಿಯಿದ್ದಷ್ಟು ದಿನ ಇವರು ಬದುಕಿದ್ದಾರೆಂಬುದೂ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ಗಳಿಗೆಗೆ ಮಾತ್ರ "ಎಲ್ಲಿ ಹಾಳಾಗಿ ಹೋದ್ಲು ಆ ಲೈನಕ್ಕ" ಎಂದು ಮಹಡಿ ಮಹಡಿ ಹುಡುಕುತ್ತಾರೆ.

ಮೊದಲು ಇದೇ ಆಸ್ಪತ್ರೆಯಲ್ಲಿ ಕರೆ ಜೋಡಿಸುವ ಆಪರೇಟರ್ ಆಗಿದ್ದವರು. ಆ ಕೆಲಸ ಹೋದಾಗ, ಹೊಸ ಯಂತ್ರ ಕೂರಿಸಲು ಬಂದವರ ಬೆನ್ನು ಬಿಡದೆ ಕೆಲಸ ಕಲಿತರು. "ನಮ್ಮತ್ತೆ ಇವತ್ತಿಗೂ ನನಗೆ ಫೋನಲ್ಲಿ ಹರಟೆ ಹೊಡೆಯೋಕೆ ಸಂಬಳ ಕೊಡ್ತಾರೆ ಅಂತಲೇ ಅಂದ್ಕೊಂಡಿದಾರೆ" ಎಂದು ನಗುತ್ತಾರೆ. ಅವರು ನಕ್ಕಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಇಂದು ಅವರು ಪರೀಕ್ಷಿಸುತ್ತಿರುವುದು ಇಷ್ಟು: ಈ ಮೇಜಿನಿಂದ ಹೊರಗೆ ಕರೆ ಮಾಡಿದರೆ ಆ ಕಡೆಯವರಿಗೆ ಯಾವ ನಂಬರ್ ಕಾಣುತ್ತದೆ? ಇಷ್ಟೇನಾ ಎನ್ನಬೇಡಿ. ಇಷ್ಟೇ ವಿಷಯಕ್ಕೆ ಒಬ್ಬ ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ.

ಕೆಲವು ವರ್ಷಗಳ ಹಿಂದೆ ಮೇಲಿನಿಂದ ಅಪ್ಪಣೆಯಾಯಿತು: ಸಂಸ್ಥೆ ಒಂದು, ನಂಬರ್ ಒಂದು. ಯಾವ ಶಾಖೆಯ ಯಾವ ವಾರ್ಡಿನಿಂದ ಕರೆ ಹೋದರೂ ಕಾಣಬೇಕಾದ್ದು ಮುಖ್ಯ ಕಟ್ಟಡದ ನಂಬರ್. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಾರಾಟದವರು ಕೂರುತ್ತಾರೆ. ದಿನವಿಡೀ ಊರಿಗೆಲ್ಲ ಕರೆ ಮಾಡಿ, ಇಡೀ ಮೈ ತಪಾಸಣೆ ಮಾಡಿಸಿಕೊಳ್ಳಿ, ಜೊತೆಗೊಬ್ಬರನ್ನು ಕರೆತಂದರೆ ರಿಯಾಯಿತಿ ಎಂದು ತಲೆ ತಿನ್ನುವವರು. ಅವರಿಗೂ ಅದೇ ನಂಬರ್.

"‘ಸಾರ್, ಅವರಿಗಾದ್ರೂ ಬೇರೆ ನಂಬರ್ ಇಡೋಣ’ ಅಂತ ಮೇಲಿನವರಿಗೆ ಅಂದೆ. ‘ಬೇರೆ ಇಟ್ರೆ ಯಾರಮ್ಮ ಎತ್ತುತ್ತಾರೆ? ಆಸ್ಪತ್ರೆ ನಂಬರಂದ್ರೆ ಜನ ಬಿದ್ದು ಎದ್ದು ಎತ್ತುತ್ತಾರೆ’ ಅಂದ್ರು. ನಾನು ಬಾಯಿ ಮುಚ್ಕೊಂಡು ಅದೇ ನಂಬರ್ ಹಾಕ್ಬಿಟ್ಟೆ" ಎನ್ನುತ್ತಾರೆ ಲೈನಕ್ಕ.

ಜನ ಯಾಕೆ ಬಿದ್ದು ಎದ್ದು ಎತ್ತುತ್ತಾರೆ? ಒಳಗೆ ಅವರ ಹೆಂಡತಿ ಮಲಗಿರುತ್ತಾಳೆ, ತಮ್ಮ ಮಲಗಿರುತ್ತಾನೆ. ಫೋನು ಬಂದರೆ ಎದೆ ಧಸಕ್ಕೆನ್ನುತ್ತದೆ. ಆ ಧಸಕ್ಕೆನ್ನುವುದನ್ನೇ ಬಂಡವಾಳ ಮಾಡಿಕೊಂಡು ರಿಯಾಯಿತಿ ಮಾರುವವರನ್ನು ಏನೆಂದು ಕರೆಯಬೇಕೋ, ಅಂಥ ಮಾತನ್ನು ಈ ಪುರವಣಿಯಲ್ಲಿ ಅಚ್ಚು ಹಾಕುವುದಿಲ್ಲ.

ಹೀಗೆ ತಲೆ ತಿನ್ನಿಸಿಕೊಂಡವರಲ್ಲಿ ಒಬ್ಬ ಬಸ್ ಡ್ರೈವರ್. ಯಾವಾಗಲೋ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡ ತಪ್ಪಿಗೆ, ಬಸ್ಸಿನ ತುಂಬ ಜನ ಕೂತಿರುವಾಗಲೂ ಜೇಬಿನಲ್ಲಿ ಈ ಕರೆ. ರೋಸಿಹೋಗಿ ಆ ನಂಬರನ್ನು ಬ್ಲಾಕ್ ಮಾಡಿದರು. ಯಾರು ಮಾಡುವುದಿಲ್ಲ? ಎಷ್ಟೋ ತಿಂಗಳ ಮೇಲೆ ಅವರ ಹೆಂಡತಿ ಊರಿನ ಇನ್ನೊಂದು ತುದಿಯ ಶಾಖೆಗೆ ಸೇರಿದರು. ಡ್ರೈವರ್ ಆ ಶಾಖೆಯ ನಂಬರನ್ನು ಬೋರ್ಡು ನೋಡಿ ಫೋನಿಗೆ ಹಾಕಿಕೊಂಡರು. ಕೆಲಸಕ್ಕೆ ಹೋದರೂ ಫೋನನ್ನು ಸ್ಟೇರಿಂಗ್ ಪಕ್ಕದಲ್ಲೇ ಇಟ್ಟುಕೊಂಡು ಕಾದರು.

ಒಂದು ಮಧ್ಯಾಹ್ನ ಆಕೆಗೆ ಕಾಯಿಲೆ ದಿಢೀರನೆ ಜೋರಾಯಿತು. ಆಪರೇಷನ್‌ಗೆ ಒಯ್ಯುವ ಮೊದಲು, ಗಂಡನ ಜೊತೆ ಮಾತಾಡಬೇಕು ಎಂದು ಆಕೆ ಕೇಳಿದರು. ನರ್ಸ್ ಮತ್ತೆ ಮತ್ತೆ ಕರೆ ಮಾಡಿದಳು. ಹೋದದ್ದು ಮುಖ್ಯ ಕಟ್ಟಡದ ನಂಬರಿನಲ್ಲಿ. ಡ್ರೈವರ್ ಹೆಂಡತಿ ಆಪರೇಷನ್ ಮೇಜಿನ ಮೇಲಿಂದ ಜೀವಂತವಾಗಿ ಇಳಿಯಲಿಲ್ಲ.

"ಆ ಡ್ರೈವರಣ್ಣ ‘ನೀವು ಕರೆದೇ ಇಲ್ಲ’ ಅಂತ ಕೂಗಾಡ್ತಿದ್ರು. ನರ್ಸು ಕರೆದೆ ಅಂತ ಅಳ್ತಿದ್ಲು. ಪೀಡೆ ತೊಲಗಲಿ ಅಂತ ರಿಸೆಪ್ಶನ್‌ನವರು ನನ್ನ ಹತ್ರ ಕಳಿಸಿದ್ರು. ಅಣ್ಣಾ, ಫೋನ್ ಕೊಡಿ ಅಂತ ಈಸ್ಕೊಂಡೆ. ಬ್ಲಾಕ್ ಆದ ಕರೆಗಳಲ್ಲಿ ನಮ್ಮ ನಂಬರು ಸಾಲಾಗಿ ಬಿದ್ದಿತ್ತು. ನನ್ನ ಕೈಯಾರೆ ಹಾಕಿದ ನಂಬರು." ಲೈನಕ್ಕ ಮುಂದಿನ ಮೇಜಿನ ಫೋನೆತ್ತುತ್ತಾರೆ.

ನಂಬರ್ ಬದಲಾಯಿಸೋಣವೆಂದು ಮೇಲಿನವರನ್ನು ಕೇಳಿದರೆ ‘ನೋಡೋಣ’ ಎಂದರು. ಲೈನಕ್ಕ ನೋಡುತ್ತ ಕೂರಲಿಲ್ಲ. ವಾರ್ಡುಗಳ ಹಿರಿಯ ಸಿಸ್ಟರನ್ನು ಕಂಡರು. "ವಾರ್ಡ್ ನನ್ನದು, ಬದಲಾಯಿಸಿ, ಕೇಳಿದವರಿಗೆ ನಾನು ಹೇಳ್ತೀನಿ" ಎಂದರಂತೆ ಆಕೆ. ಆದರೆ ಮೊದಲ ಶಾಖೆಯಲ್ಲೇ ಎಡವಟ್ಟಾಯಿತು. ಪ್ರತಿ ಮೇಜಿಗೂ ಶಾಖೆಯ ನಂಬರ್ ಬರೆದು, ತಮ್ಮ ಮೊಬೈಲಿಗೆ ಕರೆ ಮಾಡಿ ನೋಡಿದರು. ‘ಆಸ್ಪತ್ರೆ’ ಎಂದು ಬಂತು. ಸಮಾಧಾನವಾಗಿ ಮನೆಗೆ ಹೋದರು.

"ಐದೂ ಕಡೆ ನಂಬರನ್ನ ‘ಆಸ್ಪತ್ರೆ’ ಅಂತ ಒಂದೇ ಹೆಸರಲ್ಲಿ ಇಟ್ಕೊಂಡಿದ್ದೆ! ಯಾವುದು ಬಂದ್ರೂ ಅದೇ ತೋರಿಸೋದು. ಮೇಜಿನ ಫೋನಲ್ಲಿ ನಾವು ಏನೇ ಬರೀಲಿ, ಕರೆ ಹೊರಗೆ ಹೋಗೋ ಬಾಗಿಲಲ್ಲಿ ಯಂತ್ರ ಅದನ್ನ ಅಳಿಸಿ ಹಳೇ ನಂಬರೇ ಅಂಟಿಸ್ತಿತ್ತು. ಅದನ್ನೂ ಬದಲಾಯಿಸ್ಬೇಕಿತ್ತು. ಎರಡು ದಿನ ಹಾಗೇ ಹೋಯ್ತು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ."

ಆಮೇಲೆ ಬಂದದ್ದು ಈ ರಬ್ಬರ್ ಬ್ಯಾಂಡಿನ ಮೊಬೈಲು. ಇದರಲ್ಲಿ ಒಂದು ಹೆಸರೂ ಇಲ್ಲ. ಗಂಡ ಕರೆದರೂ ಬರೀ ಅಂಕಿ.

ನಾಲ್ಕು ಶಾಖೆಗಳು ಮುಗಿದು, ಕೊನೆಯದಾದ ಈ ಮುಖ್ಯ ಕಟ್ಟಡದ ವಾರ್ಡುಗಳು ಇಂದು ಮುಗಿಯುತ್ತಿವೆ; ಇಲ್ಲಿಯ ವಾರ್ಡುಗಳಿಗೆ ಮಾರಾಟದವರು ಬಳಸದ ಬೇರೆಯದೇ ನಂಬರ್. ಅಷ್ಟರಲ್ಲಿ ಮೇಲಿನವರಿಗೆ ಸುದ್ದಿ ಮುಟ್ಟಿದೆ. ಸೋಮವಾರದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಬೇಕಂತೆ. ಈ ಅಪ್ಪಣೆ ಕೊಟ್ಟ ಅಧಿಕಾರಿಯ ತಣ್ಣನೆಯ ಕೋಣೆಗೂ ನಾನು ಹೋಗಿ ಬಂದೆ. ಡ್ರೈವರ್ ವಿಷಯ ಎತ್ತಿದರೆ, "ಕುಟುಂಬದವರು ಸಂಪರ್ಕಕ್ಕೆ ಸಿಗಲಿಲ್ಲ, ಪಾಪ" ಎಂದರು. ಪಾಪವಂತೆ! ಆ ಪಾಪ ಯಾರದೆಂದು ಅವರಿಗೆ ಗೊತ್ತು. ಗೊತ್ತಿದ್ದೇ ಕೈ ತೊಳೆದುಕೊಂಡು ಕೂತಿದ್ದಾರೆ.

"ನಾನಂತೂ ವಾಪಸ್ ಹಾಕಲ್ಲ" ಎನ್ನುತ್ತಾರೆ ಲೈನಕ್ಕ, ಕೊನೆಯ ಮೇಜಿನ ಫೋನಿಡುತ್ತ. "ಬೇರೆಯವರನ್ನ ಕರೆದು ಹಾಕಿಸ್ಲಿ. ಹಾಕೋರಿಗೆ ಮೊದಲು ಆ ಅಣ್ಣನ ಕಥೆ ಹೇಳ್ತೀನಿ. ಆಮೇಲೂ ಕೈ ಬಂದ್ರೆ ಹಾಕ್ಲಿ."

ನಿಮಗೇನಾದರೂ ಆಸೆ ಇದೆಯೇ ಎಂದು, ಇಂಥ ಬರಹಗಳಲ್ಲಿ ಕೇಳುವಂತೆ, ಕೇಳುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ.

"ನನ್ನ ಆಸೆ ಕಟ್ಕೊಂಡು ಏನು ಮಾಡ್ತೀರಿ? ಆ ಅಣ್ಣನ ಮಗಳು ಈಗ ಸೋದರಮಾವನ ಮನೇಲಿದಾಳೆ. ಅಮ್ಮ ಕೇಳಿದಾಗ ಅಪ್ಪ ಫೋನೇ ಎತ್ತಲಿಲ್ಲ ಅಂತ ಮುಖ ಕೂಡ ನೋಡ್ತಿಲ್ಲ. ಹೇಳೋಣ ಅಂತ ಹೋದ್ರೆ, ‘ಅಪ್ಪ ಕಳಿಸಿದ್ರಾ’ ಅಂತ ಬಾಗಿಲು ಹಾಕ್ಕೊಂಡ್ಲು. ಪೇಪರಲ್ಲಿ ಬಂದ್ರೆ ಓದಬಹುದು. ಕೊನೇಲಿ ಬರೀರಿ, ಕಣ್ಣಿಗೆ ಬೀಳೋ ಹಾಗೆ. ನಿಮ್ಮಪ್ಪ ಫೋನ್ ಎತ್ತಲಿಲ್ಲ ಅಂತಲ್ಲಮ್ಮ. ಅದು ರಿಂಗೇ ಆಗಲಿಲ್ಲ. ಹಾಗೆ ಮಾಡಿಟ್ಟಿದ್ದು ನಾವು."