ಕ್ಯಾಸೆಟ್ ಪಾರ್ಟಿ, ಸೀಡಿ ಪಾರ್ಟಿ

ನಮ್ಮ ಮನೆಗೆ ಟೀವಿ ಗೇಮ್ ತಂದವರು ಕಾಕಾ. ಹುಬ್ಬಳ್ಳಿಯಲ್ಲಿ ಅವರದು ರೇಡಿಯೋ, ಟೇಪು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿ. ಕ್ಯಾಸೆಟ್ ಹಾಕಿ ಆಡುವ ಆ ಬೂದುಬಣ್ಣದ ಡಬ್ಬಿಯನ್ನು ನಡುಮನೆಯ ಟೀವಿಗೆ ಜೋಡಿಸಿ, "ಇದರಂಥಾ ಗಟ್ಟಿ ಮಾಲು ಇನ್ನೊಂದಿಲ್ಲ ನೋಡವಾ. ನಾಳೆ ನಿನ್ನ ಮಕ್ಕಳೂ ಇದರಾಗ ಆಡ್ತಾವ" ಎಂದರು. ನಾನಾಗ ಏಳನೆಯ ತರಗತಿ. ಕಾಕಾನ ಮಾತೆಂದರೆ ನನಗೆ ವೇದವಾಕ್ಯ.

ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಬರೆದಿತ್ತು. ಒಳಗಿದ್ದದ್ದು ನಾಲ್ಕಾರು, ಅವೇ ಅಂಗಿ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಚಿತ್ರ ನಡುಗಿದರೆ ಕ್ಯಾಸೆಟ್ ಹೊರಗೆಳೆದು ಬಾಯಿಂದ ಊದಬೇಕು. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ನನ್ನಷ್ಟು ಚೆನ್ನಾಗಿ ಊದುವವರು ಯಾರೂ ಇರಲಿಲ್ಲ, ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ. ಎದುರುಮನೆಯ ಗೆಳತಿ ದಿನಾ ಸಂಜೆ ಬರುತ್ತಿದ್ದಳು. ಒಂದು ರಿಮೋಟು ಅವಳಿಗೆ, ಒಂದು ನನಗೆ.

ಅಷ್ಟರಲ್ಲಿ ಅವಳ ಮಾಮಾ ಪುಣೆಯಿಂದ ಸೀಡಿ ಹಾಕಿ ಆಡುವ ಹೊಸ ಮಷಿನ್ ತಂದುಕೊಟ್ಟರು. ಮರುದಿನವೇ ಅವಳು ನಮ್ಮ ಕಟ್ಟೆಯ ಮೇಲೆ ಕುಳಿತು, "ನಿಮ್ದು ಹಳೇ ಡಬ್ಬಿ ಬಿಡ. ಅದರಾಗಿನ ಮನಷ್ಯಾರಿಗೆ ಮೂಗ ಸೈತ ಇಲ್ಲ" ಎಂದಳು.

"ನಿಮ್ದರಾಗ ಮೂಗ ಐತಿ, ಜೀವ ಇಲ್ಲ" ಎಂದೆ ನಾನು.

ಸುಳ್ಳಲ್ಲ. ಅವರ ಮಷಿನ್ ಸ್ವಲ್ಪ ಹೊತ್ತು ಓಡಿದರೆ ಕಾದು ಹೆಂಚಾಗಿ ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಆಗಬೇಕಾದರೆ ಅದನ್ನು ಹೊಟ್ಟೆನೋವಿನ ಕೂಸಿನಂತೆ ಬೋರಲು ಮಲಗಿಸಬೇಕು. ನಾನು ಇದನ್ನೇ ಓಣಿಯ ತುಂಬ ಡಂಗುರ ಸಾರಿದೆ. ಅವಳು ಸಿಟ್ಟಾಗಿ ಬರುವುದನ್ನು ಬಿಟ್ಟಳು. ಓಣಿಯ ಹುಡುಗರು ಕ್ಯಾಸೆಟ್ ಪಾರ್ಟಿ, ಸೀಡಿ ಪಾರ್ಟಿ ಎಂದು ಎರಡಾದರು. ಚುನಾವಣೆಯಲ್ಲೂ ನಮ್ಮ ಓಣಿ ಅಷ್ಟು ಒಡೆದದ್ದನ್ನು ನಾನು ಕಂಡಿಲ್ಲ. ಆದರೆ ಅವಳಿಲ್ಲದೆ ಆಡಿದರೆ ರುಚಿಯೇ ಇರಲಿಲ್ಲ. ನನಗೆ ನನ್ನ ಗೆಳತಿ ವಾಪಸ್ ಬೇಕಿತ್ತು, ಒಂದೇ ಷರತ್ತು: ಅವಳು ಸೋತು ಬರಬೇಕು.

ಹುಡುಗರೇ ನಡುವೆ ಓಡಾಡಿ ಒಂದು ಪಂದ್ಯ ಕಟ್ಟಿದರು. ಒಂದೇ ಹೊತ್ತಿಗೆ ಎರಡೂ ಮನೆಯಲ್ಲಿ ಮಷಿನ್ ಚಾಲೂ ಮಾಡುವುದು. ಮೊದಲು ಯಾವ ಮನೆಯದು ನಿಲ್ಲುತ್ತದೋ ಆ ಮನೆಯವಳು ಎದುರುಮನೆಗೆ ಹೋಗಿ "ನಿಮ್ದ ಛಲೋ" ಎನ್ನುವುದು. ದಸರೆಯ ಸೂಟಿಯಲ್ಲಿ ಒಂದು ದಿನ ಗೊತ್ತುಮಾಡಿದೆವು. ಸೂಟಿ ನೋಡಿದೆವೇ ಹೊರತು, ಅಂದು ಏನು ಹಬ್ಬ ಎಂಬುದನ್ನು ನೋಡಲಿಲ್ಲ.

ಅಂದು ಖಂಡೇಪೂಜೆ, ಆಯುಧಗಳ ಹಬ್ಬ! ಎದ್ದು ಬರುವಷ್ಟರಲ್ಲಿ ಅಜ್ಜಿ ಮನೆಯ ಹತ್ಯಾರಗಳನ್ನೆಲ್ಲ ಸಾಲಾಗಿ ಇಟ್ಟಿದ್ದಳು: ಈಳಿಗೆ, ಕುಡಗೋಲು, ಅವ್ವನ ಹೊಲಿಗೆ ಮಷಿನ್, ಅಪ್ಪನ ನಟ್ಟು ತಿರುಗಿಸುವ ಪಾನಾಗಳು, ಅವುಗಳ ಪಕ್ಕದಲ್ಲಿ ನನ್ನ ಟೀವಿ ಗೇಮು. ವಿಭೂತಿ, ಅರಿಷಿಣ, ನೀರಲ್ಲಿ ಕಲಸಿದ ಕುಂಕುಮ. ಕ್ಯಾಸೆಟ್ ಹಾಕುವ ಬಾಯಿ ತೆರೆದೇ ಇತ್ತಲ್ಲ, ಅದರಲ್ಲಿ ಒಂದು ಚೆಂಡುಹೂ.

"ಅಜ್ಜೀ, ಇವತ್ತ ಅದು ಬೇಕಾಗಿತ್ತು!"

"ಪೂಜಿಗಿ ಕುಂತದ್ದನ್ನ ಎಬ್ಬಸ್ತಾರೇನ? ಇವತ್ತ ಒಂದ ದಿನ ಅದೂ ಸುಮ್ಮ ಕೂಡಲಿ, ನೀನೂ ಸುಮ್ಮ ಕೂಡು."

ಕೂತೆ. ಪಂದ್ಯ ನಿಂತಿತು. ಮರುದಿನ ಮುಂಜಾನೆ ಹೂ ತೆಗೆದು, ಕ್ಯಾಸೆಟ್ ತುರುಕಿ, ಬಟನ್ ಒತ್ತಿದೆ. ಟೀವಿಯಲ್ಲಿ ಬರೀ ಕಪ್ಪು. ಊದಿದರೆ ಬಾಯಿ ತುಂಬ ಕುಂಕುಮ ಬಂತು. ನನ್ನ ಗಟ್ಟಿ ಮಾಲು ಸತ್ತಿತ್ತು. ನಾನು ಹೊಲಿಗೆ ಮಷಿನ್ನಿನ ಹಿಂದೆ ಕೂತು ಮನಸಾರೆ ಅತ್ತೆ.

ಸಂಜೆ ಬನ್ನಿ ಹಂಚಲು ಹೊರಟೆವು. ಅಂದು ಜಗಳವಿದ್ದವರ ಮನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಜ್ಜಿ ನನ್ನ ರಟ್ಟೆ ಹಿಡಿದು ಮೊದಲು ಎದುರುಮನೆಗೇ ಕರೆದೊಯ್ದಳು. ಬಾಗಿಲಲ್ಲಿ ಅವಳೇ ನಿಂತಿದ್ದಳು. ನಾನು ನೆಲ ನೋಡುತ್ತಾ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದೆ. ಅವಳೂ ನೆಲ ನೋಡುತ್ತಾ ಹಾಗೇ ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು.

"ನಿಮ್ದು ಚಾಲೂ ಐತೇನ?"

"ಛಲೋ ಓಡಾಕತ್ತೈತಿ. ನಿಮ್ದು?"

"ನಮ್ದೂ ಛಲೋ ಓಡಾಕತ್ತೈತಿ."

ಒಳಗಿನಿಂದ ಅವಳ ಅಜ್ಜಿಯ ದನಿ ಬಂತು: "ಎಲ್ಲಿ ಛಲೋ? ಮುಚ್ಚಳ ತಗದು ಅದರ ಕಣ್ಣಿಗಿ ಒಂದ ಚೂರು ಕುಂಕುಮ ಹಚ್ಚೀನಿ ಅಂತ ಮುಂಜಾನಿಂದ ಅಳಾಕತ್ತಾಳ!"

ನಾನು ತಲೆಯೆತ್ತಿದೆ. ಅವಳ ಕಣ್ಣುಗಳು ನನ್ನವಷ್ಟೇ ಕೆಂಪಾಗಿದ್ದವು. "ನಮ್ದರ ಬಾಯಾಗ ಚೆಂಡುಹೂ ಇಟ್ಟಿದ್ರು" ಎಂದೆ. ಅಷ್ಟೇ ಸಾಕಾಯಿತು. ಇಬ್ಬರೂ ಬಾಗಿಲಿನ ಚೌಕಟ್ಟು ಹಿಡಿದು ನಕ್ಕೆವು, ಕೈಯಲ್ಲಿದ್ದ ಬನ್ನಿಯೆಲ್ಲ ಹೊಸ್ತಿಲಲ್ಲಿ ಚೆಲ್ಲಿತು.

ಮರುದಿನ ಅಪ್ಪ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೊರಟರು. ಹಳೆಯ ದುಪ್ಪಡಿಯಲ್ಲಿ ಸುತ್ತಿದ ಎರಡೂ ರೋಗಿಗಳು ನಮ್ಮ ತೊಡೆಯ ಮೇಲಿದ್ದವು. ಅಂಗಡಿ ಮೆಟ್ಟಿಲು ಹತ್ತುವಾಗ ಒಳಗೆ ಕಾಕಾ ಒಬ್ಬ ಗಿರಾಕಿಗೆ ಹೇಳುತ್ತಿದ್ದರು: "ಕ್ಯಾಸೆಟ್‌ದು ಹಳೇದಾತ್ರಿ. ಸೀಡಿದ ತಗೋರಿ, ಇದರಂಥಾ ಗಟ್ಟಿ ಮಾಲು ಇನ್ನೊಂದಿಲ್ಲ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ನೀವೂ ಸೀಡಿ ಪಾರ್ಟಿ ಏನ್ರಿ ಕಾಕಾ?"

ಕಾಕಾಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ನಾ ಗಿರಾಕಿ ಪಾರ್ಟಿ ನೋಡವಾ" ಎಂದರು. ಗೆಳತಿ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದಳು. ಯಾರ ಮಾತು ನಂಬಿ ನಾನು ಓಣಿಯನ್ನೇ ಎರಡು ಮಾಡಿದ್ದೆನೋ ಆ ಪುಣ್ಯಾತ್ಮ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟಿನಲ್ಲಿ ಅದ್ದಿ ನಮ್ಮ ಡಬ್ಬಿಯ ಬಾಯಿ ಉಜ್ಜಿದರು, ಹತ್ತಿಯಿಂದ ಅವಳದರ ಸೀಡಿ ಓದುವ ಕಣ್ಣು ಒರೆಸಿದರು. "ಇದು ಕಂಪನಿ ತಪ್ಪಲ್ಲ. ಭಕ್ತಿ ಜಾಸ್ತಿ ಆಗಿ ಕೆಟ್ಟಾವ" ಎಂದರು. ಎರಡೂ ಚಾಲೂ ಆದವು.

ವಾಪಸ್ ಬರುವ ಬಸ್ಸು ರಾಯಾಪುರ ದಾಟುವಾಗ ನೋಡಿದೆ: ನನ್ನ ತೊಡೆಯ ಮೇಲೆ ಅವಳ ಮಷಿನ್ ಇತ್ತು, ಅವಳ ತೊಡೆಯ ಮೇಲೆ ನನ್ನದು. ಬದಲಿಸಿಕೊಳ್ಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ಪಂದ್ಯದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈಗ ಅವಳು ಪುಣೆಯಲ್ಲಿದ್ದಾಳೆ. ಪ್ರತಿ ದಸರೆಗೂ ಫೋನ್ ಮಾಡಿ, ಬಂಗಾರದ ಮಾತು ಮುಗಿದ ಮೇಲೆ, "ನಿಮ್ದು ಚಾಲೂ ಐತೇನ?" ಎಂದು ಕೇಳುತ್ತಾಳೆ. ನನ್ನ ಡಬ್ಬಿ ಅಟ್ಟದ ಮೇಲಿದೆ. ಇಲಿಗಳು ಅದರ ವೈರು ತಿಂದು ಯಾವ ಕಾಲವಾಯಿತೋ.

"ಛಲೋ ಓಡಾಕತ್ತೈತಿ" ಎನ್ನುತ್ತೇನೆ. "ನಿಮ್ದು?"

"ನಮ್ದೂ" ಎನ್ನುತ್ತಾಳೆ, ಮತ್ತು ಇಬ್ಬರಿಗೂ ನಗು ತಡೆಯುವುದಿಲ್ಲ.