ಸ್ವಿಚ್ಚು ಹಾಕದ ಹತ್ತು ದಿನ

ಸಿರುಗುಪ್ಪದ ಕೆಂಚಣ್ಣ ಕೆಟ್ಟವನಲ್ಲ. ಅಳುಕಿನ ಮನುಷ್ಯ, ಅಷ್ಟೇ. ಆದರೆ ಅಳುಕು ಮಾಡುವ ಅನಾಹುತವೇನು ಸಣ್ಣದೇ?

೧೯೮೪ರಲ್ಲಿ ಅವನು ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಮೂಳೆ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದ. ಆ ವರ್ಷ ಅಲ್ಲಿಗೊಂದು ಹೊಸ ಯಂತ್ರ ಬಂತು. ಮೂಳೆ ಮುರಿದು ಆಪರೇಷನ್ ಆದ ಜಾಗಕ್ಕೆ ತಂತಿ ಸುತ್ತಿದ ದೊಡ್ಡ ಬಳೆಯಂಥದ್ದನ್ನು ತೊಡಿಸಿ ಸ್ವಿಚ್ಚು ಹಾಕಿದರೆ, ಕರೆಂಟಿನಿಂದ ಆಯಸ್ಕಾಂತದ ಶಕ್ತಿ ಹುಟ್ಟಿ ನೋವು ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೆಲವರಿಗೆ ಇಳಿಯುತ್ತಿತ್ತು, ಕೆಲವರಿಗೆ ಇಲ್ಲ. ಡಾಕ್ಟರ ಕಟ್ಟಪ್ಪಣೆ ಒಂದೇ: ಬಳೆಯ ಹತ್ತಿರ ಚಿನ್ನ, ಬೆಳ್ಳಿ ಏನೂ ಇರಕೂಡದು.

ಕುರುಗೋಡಿನ ಅಕ್ಕನಾಗಮ್ಮ ಮಾಳಿಗೆಯ ಏಣಿಯಿಂದ ಬಿದ್ದು ಎಡಭುಜದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ತಿಂಗಳಾದರೂ ನೋವು ಬಿಟ್ಟಿರಲಿಲ್ಲ. ಹತ್ತು ದಿನ ಯಂತ್ರ ಇಡಲು ಡಾಕ್ಟರು ಬರೆದರು. ಅವಳ ಎದೆಯ ಎಡಕ್ಕೆ, ಬಳೆ ಬರುವ ಜಾಗಕ್ಕೇ, ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಅದರೊಳಗೆ ಲಿಂಗ.

ಅದನ್ನು ತೆಗೆಯಿರಿ ಎನ್ನಲು ಕೆಂಚಣ್ಣನಿಗೆ ನಾಲಿಗೆ ಏಳಲಿಲ್ಲ. ಅವನು ಊರ ಹೊರಗಿನ ಕೇರಿಯವನು. ಚಿಕ್ಕವನಿದ್ದಾಗ, ಹಿರಿಯರೊಬ್ಬರ ಕರಡಿಗೆ ದಾರ ಹರಿದು ಬಿದ್ದದ್ದನ್ನು ಎತ್ತಿಕೊಡಲು ಹೋಗಿ ಬಾರುಕೋಲಿನ ಏಟು ತಿಂದಿದ್ದ. ನಲವತ್ತು ದಾಟಿದರೂ ಬೆನ್ನು ಅದನ್ನು ಮರೆತಿರಲಿಲ್ಲ. ಡಾಕ್ಟರಿಗಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ, ಪುಣ್ಯಾತ್ಮ! ಬಳೆ ತೊಡಿಸಿ, ಸ್ವಿಚ್ಚು ಹಾಕದೆ, ಅರ್ಧ ಗಂಟೆ ಪಕ್ಕದಲ್ಲಿ ಸುಮ್ಮನೆ ಕೂತ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ, ನಾಳೆ ಎನ್ನುತ್ತಲೇ ಹತ್ತು ದಿನ ಕಳೆದವು.

"ಇವತ್ತ ಸ್ವಲ್ಪ ಹಗುರ ಅನಸ್ತೈತಿ, ತಮ್ಮಾ," ಎನ್ನುತ್ತಿದ್ದಳು ಅವಳು, ಹಲ್ಲು ಕಚ್ಚಿಕೊಂಡೇ. ಕೊನೆಯ ದಿನ ಎರಡು ಶೇಂಗಾ ಹೋಳಿಗೆಯನ್ನು ಅವನ ಕೈ ಹಿಡಿದು ಅಂಗೈಗೇ ಇಟ್ಟಳು.

ಎರಡು ವರ್ಷದ ಮೇಲೆ ನೆಂಟರ ಮದುವೆಗೆ ಕುರುಗೋಡಿಗೆ ಹೋದವನು ಕೇಳಿಕೊಂಡು ಅವಳ ಮನೆಗೆ ಹೋದ. ಅಕ್ಕನಾಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಮಗಳು ಅವಳ ತಲೆ ಬಾಚುತ್ತಿದ್ದಳು. ಎಡಗೈ ಹೆಗಲಿಗಿಂತ ಮೇಲೇಳುತ್ತಿರಲಿಲ್ಲ. ಚಳಿ ಬಿದ್ದರೆ ನೋವಿಗೆ ನಿದ್ದೆಯಿಲ್ಲ ಎಂದಳು ಮಗಳು. ಕೆಂಚಣ್ಣನಿಗೆ ತಡೆಯಲಾಗಲಿಲ್ಲ.

"ಅವ್ವಾ, ನಾನು ಸ್ವಿಚ್ ಹಾಕ್ಲೇ ಇಲ್ರಿ. ಕರಡಿಗಿ ತೆಗೀರಿ ಅನ್ನಾಕ ಅಂಜಿದೆ."

"ಯಾಕ ಅಂಜಿದಿ?"

"ಬೈತೀರಿ ಅಂತ್ರಿ. ನಮ್ಮಂಥೋರು ಅದರ ಸುದ್ದಿ ಎತ್ತಿದ್ರ..."

ಬಾಚುತ್ತಿದ್ದ ಮಗಳ ಕೈಯನ್ನು ತಡೆದು ಅವಳು ಅವನತ್ತ ತಿರುಗಿದಳು.

"ಆಪರೇಷನ್ ದಿನ ಡಾಕ್ಟರು ಕೇಳಿದ್ರು. ಕರಡಿಗಿ ಮಗಳ ಕೈಯಾಗ ಕೊಟ್ಟು, ಲಿಂಗಾನ ಅರಿವ್ಯಾಗ ಸುತ್ತಿ ಬಲತೋಳಿಗೆ ಕಟಗೊಂಡಿದ್ದೆ. ನೀನು ಕೇಳಿದ್ರೂ ಹಂಗ ಮಾಡ್ತಿದ್ದೆ. ನನ್ನೂ ಅಂಥಾಕಿ ಅಂತ ತಿಳಕೊಂಡೆಲ್ಲೋ, ತಮ್ಮಾ."

ಯಂತ್ರ ಹಾಕಿದ್ದರೂ ನೋವು ಇಳಿಯುತ್ತಿರಲಿಲ್ಲವೇನೋ ಎಂದು ಎರಡು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ ಕೆಂಚಣ್ಣ. ಈ ಮಾತಿಗೆ ಮಾತ್ರ ಅವನಲ್ಲಿ ಯಾವ ಸಮಾಧಾನವೂ ಇರಲಿಲ್ಲ.